ಸೋಲ್ ಅಂದರೆ ಸೋಲಲ್ಲ ಎಂದಿದ್ದೆ

ಕಳೆದ ತಿಂಗಳು ನನ್ನ ಹಳೆಯ ಅಂಗಡಿಗೆ ಹೋಗಿದ್ದೆ. ಜಯನಗರದ ಮಾರುಕಟ್ಟೆ ಬೀದಿಯೊಂದರಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಇರುವ ಅಂಗಡಿ ಅದು. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅಲ್ಲಿ ಕೂತು ಊರವರ ಕಾಗದಪತ್ರ ಟೈಪ್ ಮಾಡಿಕೊಟ್ಟೆ. ಆಗ ಬೋರ್ಡಿನಲ್ಲಿ ‘ಜಾಬ್ ಟೈಪಿಂಗ್’ ಎಂದಿತ್ತು. ಈಗ ‘ಆನ್‌ಲೈನ್ ಸೇವೆಗಳು’ ಎಂದಿದೆ. ನಡೆಸುತ್ತಿರುವವಳು ನನ್ನ ತಂಗಿಯ ಮಗಳು ಶ್ವೇತಾ. ಚುರುಕಾದ ಹುಡುಗಿ, ಕೆಲಸದಲ್ಲಿ ಕೊರತೆ ಹುಡುಕಲಾಗದು.

ನಾನು ಸ್ಟೂಲಿನ ಮೇಲೆ ಕೂತಿದ್ದಾಗ ವಯಸ್ಸಾದವರೊಬ್ಬರು ಬಂದು ಮೊಬೈಲಿನಲ್ಲಿದ್ದ ಯಾವುದೋ ನೋಟಿಸಿನ ಪ್ರಿಂಟ್ ತೆಗೆಸಿಕೊಂಡರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಲ್ಲಿ ಏನಂತ ಬರ್ದಿದಾರೆ, ಸ್ವಲ್ಪ ಹೇಳ್ತೀರಾ ಮೇಡಂ?” ಎಂದು ಕೇಳಿದರು.

“ನಾವು ಬರೀ ಪ್ರಿಂಟ್ ಕೊಡೋರು ಅಂಕಲ್. ಒಳಗೇನಿದೆ ಅಂತ ನಮಗೆ ಸಂಬಂಧ ಇಲ್ಲ,” ಎಂದಳು ಶ್ವೇತಾ.

ಅವರು ತಲೆಯಾಡಿಸಿ ಹೊರಟುಹೋದರು. ನನಗೆ ಮೈ ಉರಿದುಹೋಯಿತು. ಅವಳ ಮೇಲಿನ ಸಿಟ್ಟಿನಿಂದಲ್ಲ. ಆ ಮಾತು ನನ್ನದು. ಅದೇ ಅಂಗಡಿಯಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೂತು, ಕೆಂಚಮ್ಮ ಎಂಬ ಹೂ ಮಾರುವ ಹೆಂಗಸಿಗೆ ನಾನು ಆ ಮಾತನ್ನು ಅಂದಿದ್ದೆ. ಅವರು ಕೂರುವ ಜಾಗ ಕಳೆದುಕೊಂಡದ್ದು ನಾನು ಟೈಪ್ ಮಾಡಿದ ಒಂದು ಇಂಗ್ಲಿಷ್ ಮಾತಿನಿಂದ. ಆಮೇಲೆ ನಡೆದದ್ದನ್ನೂ ಸೇರಿಸಿ ಈಗ ಬರೆಯಲು ಕೂತಿದ್ದೇನೆ. ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಇದನ್ನು ಓದಲಿ. ಸಿಟ್ಟಿನಲ್ಲಿ ಬರೆದದ್ದು ಎಂದು ಯಾರಾದರೂ ಅಂದರೆ, ಹೌದು, ಸಿಟ್ಟಿನಲ್ಲೇ ಬರೆದದ್ದು.

ನಾನು ತಿಪಟೂರಿನ ಕಡೆಯವನು. ಕನ್ನಡ ಶಾಲೆಯಲ್ಲಿ ಓದಿ, ಬೆಂಗಳೂರಿಗೆ ಬಂದು, ಬನಶಂಕರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ನಡೆಸುತ್ತಿದ್ದವರು ರಂಗಸ್ವಾಮಿ ಮೇಷ್ಟ್ರು. ಕೈಯಲ್ಲಿ ಮರದ ಸ್ಕೇಲು. ತಪ್ಪು ಅಕ್ಷರ ಬಿದ್ದ ಸದ್ದು ಅವರಿಗೆ ಕೋಣೆಯ ಆ ತುದಿಯಿಂದಲೇ ಕೇಳುತ್ತಿತ್ತು. ಅಷ್ಟು ಮೆಷಿನ್ನುಗಳ ಗದ್ದಲದಲ್ಲಿ ಅದು ಹೇಗೆ ಕೇಳುತ್ತಿತ್ತೋ ದೇವರೇ ಬಲ್ಲ. ಒಂದು ದಿನ ಡ್ರಿಲ್ ಹಾಳೆಯಲ್ಲಿ ‘ಹಿಯರ್‌ಬೈ’ ಎಂಬ ಪದ ಬಂದಾಗ ಅದರ ಅರ್ಥ ಕೇಳಿದೆ. ಸ್ಕೇಲು ಬೆರಳ ಗೆಣ್ಣಿನ ಮೇಲೆ ಬಿತ್ತು.

“ಅರ್ಥ ಕೇಳೋನು ಟೈಪಿಸ್ಟ್ ಆಗಲ್ಲ ಕಣಯ್ಯ. ಬೆರಳು ಓಡ್ತಿರ್ಬೇಕು, ತಲೆ ಮಲಗಿರ್ಬೇಕು!”

ಲೋವರ್ ಪರೀಕ್ಷೆ, ಹೈಯರ್ ಪರೀಕ್ಷೆ ಎರಡನ್ನೂ ತಲೆ ಮಲಗಿಸಿಕೊಂಡೇ ಪಾಸು ಮಾಡಿದೆ. ಮೇಷ್ಟ್ರ ಬಗ್ಗೆ ನನಗೆ ಗೌರವವಿದೆ. ನನ್ನ ಹೊಟ್ಟೆಪಾಡು ಅವರು ಕಲಿಸಿದ ವಿದ್ಯೆಯಿಂದ ನಡೆಯಿತು. ಆದರೆ ಆ ಒಂದು ಮಾತನ್ನು ಅವರು ಹೇಳಬಾರದಿತ್ತು, ನಾನು ನಂಬಬಾರದಿತ್ತು.

ಅಂಗಡಿ ತೆರೆದ ಹೊಸತರಲ್ಲೇ ಒಂದು ಎಡವಟ್ಟು ಮಾಡಿದೆ. ಶಾಲೆಯೊಂದಕ್ಕೆ ಹೊಸದಾಗಿ ಬಂದ ಹೆಡ್‌ಮಾಸ್ಟರು, ತಾವು ಚಾರ್ಜ್ ತೆಗೆದುಕೊಂಡಿರುವುದಾಗಿ ಮೇಲಿನವರಿಗೆ ತಿಳಿಸುವ ಪತ್ರ ಬರೆಸಲು ಬಂದರು. ಅವರು ಹೇಳಿದ್ದು ‘ಟೇಕನ್ ಚಾರ್ಜ್’. ನಾನು ಇನ್ನೂ ಗಂಭೀರವಾಗಿರಲಿ ಎಂದು ‘ಐ ಹ್ಯಾವ್ ಬೀನ್ ಚಾರ್ಜ್‌ಡ್’ ಎಂದು ಹೊಡೆದುಕೊಟ್ಟೆ. ಅವರೂ ಓದದೆ ಸಹಿ ಹಾಕಿ ಕಳಿಸಿಬಿಟ್ಟರು. ಮಾರನೆಯ ವಾರ ಕೊಡೆ ಹಿಡಿದು ಅಂಗಡಿಯ ಮುಂದೆ ನಿಂತಿದ್ದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಕೊಡೆ ನನಗಾಗಿ ತಂದದ್ದು ಎಂದು ಆಮೇಲೆ ತಿಳಿಯಿತು.

“ನನ್ ಮೇಲೆ ಯಾವ ಆಪಾದನೆ ಇದೆ ಅಂತ ಮೇಲಿನೋರು ಕೇಳ್ತಿದಾರಲ್ರೀ! ಕೆಲಸಕ್ಕೆ ಸೇರಿದ ದಿನವೇ ಕಳ್ಳ ಆಗೋದ್ನಲ್ರೀ ನಾನು!”

ಬೇರೆ ಪತ್ರ ಮಾಡಿಕೊಟ್ಟೆ, ಕಾಫಿ ತರಿಸಿಕೊಟ್ಟೆ. ಬೀದಿಯವರೆಲ್ಲ ಬಹಳ ದಿನ ನಕ್ಕರು. ಅಧಿಕಾರ ವಹಿಸಿಕೊಳ್ಳುವುದಕ್ಕೂ ಆಪಾದನೆ ಹೊರುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ, ಮಧ್ಯೆ ಒಂದೆರಡು ಪುಡಿ ಪದಗಳ ಅಂತರ ಅಷ್ಟೇ. ಅಂದೇ ನನಗೆ ಎಚ್ಚರ ಬರಬೇಕಾಗಿತ್ತು. ನಾನು ಮಾಡಿದ್ದೇ ಬೇರೆ. ಇನ್ನು ಮೇಲೆ ಇಂಥ ತಪ್ಪು ಆಗಬಾರದೆಂದು ಒಂದು ನೋಟ್‌ಬುಕ್ ಇಟ್ಟುಕೊಂಡೆ. ವಕೀಲರು ಬರೆದುಕೊಟ್ಟ ಕರಡುಗಳಿಂದ, ಆಫೀಸಿನ ಸುತ್ತೋಲೆಗಳಿಂದ ಒಳ್ಳೊಳ್ಳೆಯ ಇಂಗ್ಲಿಷ್ ಮಾತುಗಳನ್ನು ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಅದರಲ್ಲಿ ಒಂದು ಪುಟಕ್ಕೆ ‘ಅಧಿಕಾರ’ ಎಂದು ತಲೆಬರಹ ಕೊಟ್ಟು ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದೆ.

ಅಸ್ಯೂಮ್ ಚಾರ್ಜ್. ಟೇಕ್ ಓವರ್. ವೆಸ್ಟೆಡ್ ವಿತ್ ಪವರ್ಸ್. ಸೋಲ್ ಅಂಡ್ ಅಬ್ಸೊಲ್ಯೂಟ್ ಅಥಾರಿಟಿ. ಸ್ಟ್ರೆಂತನ್ ದ ಹ್ಯಾಂಡ್ಸ್. ಕನ್ಸಾಲಿಡೇಟ್. ಹೀಗೆ ಪುಟದ ತುಂಬ. ಮೊದಲ ಸಾಲುಗಳು ಅಧಿಕಾರ ಹಿಡಿಯುವುದಕ್ಕೆ, ಕೆಳಗಿನವು ಹಿಡಿದದ್ದನ್ನು ಬಿಗಿ ಮಾಡಿಕೊಳ್ಳುವುದಕ್ಕೆ. ನನ್ನ ಅಂಗಡಿಗೆ ಹೆಸರು ಬಂದದ್ದು ಈ ಪುಟದಿಂದಲೇ. “ಆ ಮೆಟ್ಟಿಲ ಕೆಳಗಿನ ಟೈಪಿಂಗ್ ಸಾರ್ ಹತ್ರ ಹೋಗಿ, ಗಟ್ಟಿಯಾಗಿ ಬರ್ಕೊಡ್ತಾರೆ” ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡು ಬರುತ್ತಿದ್ದರು. ಯೂನಿಯನ್ನಿನವರು, ಬಡಾವಣೆ ಸಂಘದವರು, ಭಜನೆ ಮಂಡಳಿಯವರು, ಎಲ್ಲರಿಗೂ ಗಟ್ಟಿಯಾಗಿಯೇ ಬೇಕು. ಕನ್ನಡದಲ್ಲಿ ಬರೆದರೆ ಅದು ಬರೀ ಮನವಿಯಂತೆ, ಇಂಗ್ಲಿಷಿನಲ್ಲಿ ಬರೆದರೆ ಎದುರಿನವರು ಕೂತಲ್ಲಿಂದ ಏಳುತ್ತಾರಂತೆ. ಕೇಳಿದವರಿಗೆಲ್ಲ ಆ ಪುಟದಿಂದ ಒಂದೊಂದು ಮಾತು ಎತ್ತಿ ಕೊಟ್ಟೆ. ಒಂದಕ್ಕೂ ನಾನು ಹೊಣೆ ಎಂದುಕೊಳ್ಳಲಿಲ್ಲ.

ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರ ಮನುಷ್ಯನೊಬ್ಬನ ಕಥೆ ಕೇಳಿ. ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರು ಆಸ್ಪತ್ರೆ ಸೇರಿದರು, ಅವರು ಬರುವ ತನಕ ತಾನು ನೋಡಿಕೊಳ್ಳುವುದಾಗಿ ಒಂದು ಕಾಗದ ಬೇಕೆಂದ. ‘ಇಂಟೀರಿಮ್’ ಎಂದು ಹಾಕಿಕೊಟ್ಟೆ. ಅಂದರೆ ಹಂಗಾಮಿ. ಹಳೆಯ ಅಧ್ಯಕ್ಷರು ಗುಣವಾಗಿ ಬಂದರು, ವಾಕಿಂಗ್ ಶುರು ಮಾಡಿದರು, ಮೊಮ್ಮಗಳ ಮದುವೆಯನ್ನೂ ಮಾಡಿದರು. ಇವನು ಇನ್ನೂ ಇಂಟೀರಿಮ್. ಪ್ರತಿ ವರ್ಷ ಬಂದು ಅದೇ ಕಾಗದಕ್ಕೆ ‘ಅಂಟಿಲ್ ಫರ್ದರ್ ನೋಟಿಸ್’ ಎಂದು ಸೇರಿಸಿಕೊಂಡು ಹೋಗುತ್ತಿದ್ದ. ಆ ಮುಂದಿನ ನೋಟಿಸ್ ಕೊಡಬೇಕಾದವನೂ ಅವನೇ. ನನಗೆ ಆಗ ಇದು ತಮಾಷೆಯಾಗಿ ಕಂಡಿತ್ತು. ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡು ನಗುತ್ತಿದ್ದೆ.

ಈ ಮಾತುಗಳ ಗುಟ್ಟು ನನಗೆ ಅರ್ಥವಾದದ್ದು ಬಹಳ ತಡವಾಗಿ. ಕನ್ನಡದಲ್ಲಿ ಅಧಿಕಾರದ ಮಾತು ಬಂದರೆ ಯಾರೋ ಕೊಡಬೇಕು, ಯಾರೋ ತೆಗೆದುಕೊಳ್ಳಬೇಕು, ಇಲ್ಲವೇ ಯಾರೋ ಕಿತ್ತುಕೊಳ್ಳಬೇಕು. ವಾಕ್ಯದೊಳಗೆ ಮನುಷ್ಯರು ಇದ್ದೇ ಇರುತ್ತಾರೆ. ನನ್ನ ಅಂಗಡಿಯಲ್ಲಿ ತಯಾರಾಗುತ್ತಿದ್ದ ಇಂಗ್ಲಿಷಿನಲ್ಲಿ ಹಾಗಲ್ಲ. ‘ಪವರ್ಸ್ ಶಲ್ ಸ್ಟ್ಯಾಂಡ್ ವೆಸ್ಟೆಡ್’ ಎಂದು ಹೊಡೆದರೆ ಮುಗಿಯಿತು. ಅಧಿಕಾರವು ತಾನೇ ನಡೆದು ಬಂದು ಅವನ ಪಕ್ಕದಲ್ಲಿ ನಿಂತುಕೊಂಡಿತು ಎಂಬ ಹಾಗೆ. ಯಾರ ಕೈಯಿಂದ ಹೋಯಿತು ಎಂದು ಕೇಳಲು ಅಲ್ಲಿ ಜಾಗವೇ ಇಲ್ಲ.

ಈಗ ಕೆಂಚಮ್ಮನವರ ವಿಷಯ.

ಅವರದು ತಲಘಟ್ಟಪುರ. ಮನೆಯವರು ಕನಕಾಂಬರ, ಸೇವಂತಿಗೆ ಬೆಳೆಯುತ್ತಿದ್ದವರು. ತೋಟವಿದ್ದ ಜಾಗದಲ್ಲಿ ಲೇಔಟ್ ಆದ ಮೇಲೆ ಬೆಳೆಯುವುದು ನಿಂತಿತು, ಮಾರುವುದು ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಕನಕಪುರ ರಸ್ತೆಯ ಬಸ್ಸು ಹಿಡಿದು ಬಂದು ನನ್ನ ಅಂಗಡಿಯ ಎದುರಿನ ಹೊಂಗೆ ಮರದಡಿ ಬುಟ್ಟಿ ಇಡುತ್ತಿದ್ದರು. ಮೊಳ ಹಾಕುವಾಗ ಮೊಣಕೈಯಿಂದಾಚೆ ಒಂದು ಗೇಣು ಧಾರಾಳ ಬಿಡುತ್ತಿದ್ದರು. ಅದಕ್ಕೇ ಸುತ್ತಲ ನಾಲ್ಕು ಬೀದಿಯ ಹೆಂಗಸರು ಅವರಲ್ಲಿಗೇ ಬರುತ್ತಿದ್ದರು. ಆಯುಧಪೂಜೆಯ ದಿನ ನನ್ನ ಟೈಪ್‌ರೈಟರಿಗೆ ಹೂ ಮುಡಿಸುತ್ತಿದ್ದವರೂ ಅವರೇ. “ಇದ್ಕೂ ಒಂದೀಟು ಮಲ್ಗೆ ಇರ್ಲಿ ಸಾರ್, ನಿಮ್ಗೆ ಅನ್ನ ಕೊಡೋ ತಾಯಿ” ಎನ್ನುತ್ತಿದ್ದರು.

ಬೀದಿಯ ಹೂವು, ಹಣ್ಣು, ಬಾಳೆಎಲೆ ಮಾರುವವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಐದು ಜನರ ಕಮಿಟಿ, ಅದರಲ್ಲಿ ಕೆಂಚಮ್ಮನೂ ಒಬ್ಬರು. ಕಾರ್ಯದರ್ಶಿ ಜಗದೀಶ. ಹಣ್ಣಿನವರ ಮಗ, ಪಿಯುಸಿ ಓದಿದವನು, ಎರಡು ಮಾತು ಇಂಗ್ಲಿಷ್ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ ಕಾರ್ಯದರ್ಶಿ ಆದವನು. ನಾನು ಕಂಪ್ಯೂಟರ್ ತಂದ ಹೊಸತು. ಕಾರ್ಪೊರೇಷನ್ನಿನವರು ಫುಟ್‌ಪಾತ್ ರಿಪೇರಿ ಮಾಡುತ್ತಾರೆ, ವ್ಯಾಪಾರಿಗಳಿಗೆ ಜಾಗ ಗುರುತಿಸಿ ನಂಬರು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಜಗದೀಶ ಬಂದ.

“ಸಾರ್, ಒಂದ್ ಸಖತ್ ಲೆಟರ್ ಬೇಕು. ಎಲ್ರ ಪರವಾಗಿ ಆಫೀಸಲ್ಲಿ ನಾನೇ ಮಾತಾಡೋದು ಅಂತ. ಫುಲ್ ಪವರ್ ಅಂತ ಹಾಕ್ಬಿಡಿ.”

“ಫುಲ್ ಪವರ್ ಅಂತ ಯಾರಾದ್ರೂ ಹಾಕ್ತಾರೇನಯ್ಯ? ಅದೇನು ಕರೆಂಟಾ?” ಎಂದೆ.

ಆಗ ನಾನು ಡ್ರಾಯರಿನಿಂದ ಆ ನೋಟ್‌ಬುಕ್ ತೆಗೆದೆ. ಕೆಂಪು ಗೆರೆಯ ಪುಟ. ಯಾರೂ ಕೇಳಿರಲಿಲ್ಲ. ಅವನಿಗೆ ಆ ಪದ ಗೊತ್ತೂ ಇರಲಿಲ್ಲ. ಮಾತಾಡುವುದು, ಒಪ್ಪುವುದು, ಜಾಗ ಹಂಚುವುದು, ಬಿಟ್ಟುಕೊಡುವುದು, ಇಷ್ಟಕ್ಕೂ ಕಾರ್ಯದರ್ಶಿಯೇ ‘ಸೋಲ್ ಅಂಡ್ ಅಬ್ಸೊಲ್ಯೂಟ್ ಅಥಾರಿಟಿ’ ಎಂದು ನಾನೇ ಹೊಸೆದೆ, ನಾನೇ ಟೈಪ್ ಮಾಡಿದೆ. ಓದಿ ಹೇಳಿದಾಗ ಜಗದೀಶ ನನ್ನ ಮುಖವನ್ನೇ ನೋಡುತ್ತ, “ಗುರುವೇ, ಹಿಂಗ್ ಬರೀಬೇಕು ಅಂದ್ರೆ ನೀವೇ ಸಾರ್!” ಎಂದ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ನನಗೆ ಬಹಳ ಖುಷಿಯಾಗಿತ್ತು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಇಂಗ್ಲಿಷ್ ಬಾರದವರು ಇಂಗ್ಲಿಷ್ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವುದಿದ್ದರೆ, ಕೊನೆಯಲ್ಲಿ ಒಂದು ಸಾಲು ಬರಬೇಕು. ‘ಮೇಲಿನ ಒಕ್ಕಣೆಯನ್ನು ಕನ್ನಡದಲ್ಲಿ ಓದಿ ಹೇಳಿ ಅರ್ಥ ಮಾಡಿಸಲಾಗಿದೆ.’ ಅದರ ಕೆಳಗೆ ಓದಿ ಹೇಳಿದವನ ಸಹಿ. ಎಷ್ಟೋ ವರ್ಷದಿಂದ ಆ ಸಾಲು ನನ್ನ ಬೆರಳಿಗೆ ಅಂಟಿಕೊಂಡಿತ್ತು. ಕಾಗದದ ಕೊನೆ ಬಂತೆಂದರೆ ಅದು ತಾನೇ ಬೀಳುತ್ತಿತ್ತು. ಸಂಘದ ಕಾಗದಕ್ಕೂ ಬಿತ್ತು, ನಾನೂ ಸಹಿ ಹಾಕಿದೆ. ಓದಿ ಹೇಳುವುದಕ್ಕಿಂತ ಮುಂಚೆಯೇ.

ಸಂಘದವರು ಒಬ್ಬೊಬ್ಬರೇ ಬಂದು ಸ್ಟ್ಯಾಂಪ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಹೋದರು. ಯಾರೂ ಏನೂ ಕೇಳಲಿಲ್ಲ. ಕೆಂಚಮ್ಮ ಮಾತ್ರ ಸಹಿ ಹಾಕಲು ಕಲಿತಿದ್ದರು. ಪೆನ್ನು ಹಿಡಿದುಕೊಂಡು, “ಏನ್ ಬರ್ದಿದೀರಿ, ಓದಿ ಸಾರ್” ಎಂದರು. ನಾನು ಇಂಗ್ಲಿಷಿನಲ್ಲೇ ಗಡಗಡ ಓದಿದೆ. ಓದಿ, “ಅಂದ್ರೆ ನಿಮ್ದೆಲ್ಲ ಜಗದೀಶ ನೋಡ್ಕೋತಾನೆ ಅಂತ” ಎಂದೆ.

ಆ ‘ನೋಡ್ಕೋತಾನೆ’ ಎಂಬ ಮಾತನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ತಾಯಿ ಮಗುವನ್ನು ನೋಡಿಕೊಳ್ಳುತ್ತಾಳೆ. ಪಕ್ಕದ ಮನೆಯವರು ಬೀಗದ ಕೈ ಇಟ್ಟುಕೊಂಡು ಮನೆ ನೋಡಿಕೊಳ್ಳುತ್ತಾರೆ. ಇರುವುದೆಲ್ಲವನ್ನೂ ಒಬ್ಬನ ಕೈಗೆ ಬರೆದುಕೊಟ್ಟು, ವಾಪಸು ಕೇಳುವ ದಾರಿಯನ್ನೂ ಮುಚ್ಚಿದ ಮಾತಿಗೆ ನಾನು ಕೊಟ್ಟ ಕನ್ನಡ ಅದು.

ಕೆಂಚಮ್ಮ ಸಹಿ ಹಾಕಲಿಲ್ಲ. ಹುಬ್ಬು ಗಂಟಿಕ್ಕಿದರು.

“ಸೋಲು ಅಂದ್ರಲ್ಲ ಸಾರ್ ನಡುವ್ಕೆ. ಯಾರ್ ಸೋಲು ಅದು?”

ಜಗದೀಶ ಗೊಳ್ಳೆಂದು ನಕ್ಕ. ಹೊರಗೆ ನಿಂತವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

“ಅದು ನಮ್ ಸೋಲಲ್ಲ ಕಣಮ್ಮ, ಇಂಗ್ಲಿಷ್ ಸೋಲ್. ಸೋಲ್ ಅಂದ್ರೆ ಸೋಲಲ್ಲ. ಒಬ್ನೇ ಅಂತ ಅರ್ಥ.”

“ಒಬ್ನೇನಾ? ನಾವು ಇಷ್ಟ್ ಜನ ಇದೀವಲ್ಲ?”

“ಅಯ್ಯೋ, ಹಾಕಿ ಕೆಂಚಮ್ಮ. ಹಿಂದೆ ಜನ ಕಾಯ್ತಿದಾರೆ.”

ಹಾಕಿದರು. ಒಂದೊಂದೇ ಅಕ್ಷರ ಬರೆದು, ಕೊನೆಗೆ ಮಕಾರದ ಒತ್ತು ಮರೆತದ್ದು ನೆನಪಾಗಿ ಅದನ್ನೂ ಸೇರಿಸಿದರು. ಇಷ್ಟು ವರ್ಷದ ನನ್ನ ವೃತ್ತಿಯಲ್ಲಿ ಕಾಗದವೊಂದರ ಬಗ್ಗೆ ಯಾರಾದರೂ ಕೇಳಿದ ಅತಿ ಬುದ್ಧಿವಂತ ಪ್ರಶ್ನೆಗಳು ಆ ಎರಡು. ವಕೀಲರೂ ಅಷ್ಟು ನೇರವಾಗಿ ಕೇಳಿದ್ದಿಲ್ಲ. ನಾನು ನಕ್ಕೆ.

ಮುಂದೆ ಆಗಬೇಕಾದದ್ದು ಆಗುತ್ತ ಹೋಯಿತು. ಒಂದು ವರ್ಷ ಕಳೆದ ಮೇಲೆ ಜಗದೀಶ ಇನ್ನೊಂದು ಕಾಗದಕ್ಕೆ ಬಂದ. ಸಂಘವನ್ನು ಬಲಪಡಿಸಬೇಕಂತೆ. ಕಾರ್ಯದರ್ಶಿಯ ಕೈ ಬಲಪಡಿಸುವ ಸಲುವಾಗಿ ಐದು ಜನರ ಕಮಿಟಿ ರದ್ದು, ಅದರ ಅಧಿಕಾರವೆಲ್ಲ ಅವನಲ್ಲಿ ‘ಕನ್ಸಾಲಿಡೇಟ್’. ಇದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ. ಮೊದಲ ಕಾಗದದ ಬಲದ ಮೇಲೆ ಅವನೊಬ್ಬನ ಸಹಿಯೇ ಸಾಕಾಯಿತು. ಟೈಪ್‌ರೈಟರ್ ಕಾಲದಲ್ಲಾದರೆ ಕಾಗದ ಏರಿಸಿ, ಕಾರ್ಬನ್ ಇಟ್ಟು, ಮೊದಲಿಂದ ಹೊಡೆಯಬೇಕಿತ್ತು. ಹೊಡೆಯುವಾಗಲಾದರೂ ಒಂದು ಸಲ ಓದಿದಂತಾಗುತ್ತಿತ್ತು. ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆರೆದು, ಎರಡು ಸಾಲು ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸಿಕೊಟ್ಟೆ. ಒಂದು ಕಮಿಟಿ ಇಲ್ಲವಾಗಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಕೆಂಚಮ್ಮ ಒಂದು ದಿನ ಕೇಳಿದರು. “ನಮ್ ಕಮಿಟಿ ಮೀಟಿಂಗ್ ಯಾವಾಗ ಸಾರ್? ಜಗದೀಶಪ್ಪ ಏನೂ ಹೇಳೋದೇ ಇಲ್ಲ.”

“ಸಂಘಾನ ಸ್ಟ್ರಾಂಗ್ ಮಾಡ್ತಿದಾನೆ ಕಣಮ್ಮ,” ಎಂದೆ. ಅದೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಜಗದೀಶನ ನಡೆನುಡಿಯೂ ಬದಲಾಗಿತ್ತು. ಮೊದಲು ‘ಗುರುವೇ’ ಎನ್ನುತ್ತಿದ್ದವನು ‘ಏನ್ರೀ’ ಎನ್ನತೊಡಗಿದ್ದ. ಹಬ್ಬ ಬಂದರೆ ಬೀದಿಯ ತುದಿಯಲ್ಲಿ ಅವನ ಫ್ಲೆಕ್ಸು, ಅದರಲ್ಲಿ ಅವನು ಆಕಾಶದ ಕಡೆ ನೋಡುತ್ತ ಫೋನಿನಲ್ಲಿ ಮಾತಾಡುತ್ತಿರುವ ಚಿತ್ರ. ಮೂರನೆಯ ಸಲ ಬಂದಾಗ ಜಾಗ ಹಂಚಿಕೆಯ ಪಟ್ಟಿ ಟೈಪ್ ಮಾಡಲು ಕೊಟ್ಟ. ಟೈಪ್ ಮಾಡುತ್ತ ಹೋದೆ. ಹೊಂಗೆ ಮರದ ಜಾಗಕ್ಕೆ ನಾನೆಂದೂ ಕೇಳಿರದ ಒಂದು ಹೆಸರು. ಪಟ್ಟಿಯ ಕೊನೆಯವರೆಗೂ ಹುಡುಕಿದೆ. ಕೆಂಚಮ್ಮ ಎಲ್ಲೂ ಇರಲಿಲ್ಲ.

“ಜಗದೀಶ, ಕೆಂಚಮ್ಮನ ಹೆಸರು ಬಿಟ್ಟುಹೋಗಿದೆ,” ಎಂದೆ.

“ಬಿಟ್ಟುಹೋಗಿಲ್ಲ,” ಎಂದ. “ಟೈಪ್ ಮಾಡ್ರೀ.”

ನನ್ನ ಕೈ ನಿಂತಿತು. ನಿಂತದ್ದು ನಿಜ, ಅದನ್ನು ಬೇಕಾದರೆ ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಮತ್ತೆ ಹೊರಟಿತು. ಬೇರೆ ಪಟ್ಟಿಯಲ್ಲಿ ಇರಬಹುದು, ನನಗೇಕೆ, ಎಂದುಕೊಂಡೆ. ಬೆರಳು ಓಡಿತು, ತಲೆ ಮಲಗಿತು. ರಂಗಸ್ವಾಮಿ ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರೋ ಏನೋ.

ಹೊಸ ಫುಟ್‌ಪಾತಿನ ಮೇಲೆ ಹಳದಿ ಬಣ್ಣದಲ್ಲಿ ಚೌಕ ಬಳಿದು ನಂಬರು ಬರೆದರು. ಆ ಬೆಳಿಗ್ಗೆ ಕೆಂಚಮ್ಮ ಬುಟ್ಟಿ ಹೊತ್ತು ಬಂದಾಗ ಹೊಂಗೆ ಮರದ ಕೆಳಗಿನ ಚೌಕದಲ್ಲಿ ಮೊಬೈಲ್ ಕವರು ಮಾರುವವನು ಕೊಡೆ ನೆಟ್ಟಿದ್ದ. ಅವರು ಜಗಳ ಆಡಲಿಲ್ಲ. ಬುಟ್ಟಿಯನ್ನು ನನ್ನ ಅಂಗಡಿಯ ಮೆಟ್ಟಿಲ ಮೇಲಿಟ್ಟು ನೇರವಾಗಿ ಕಾರ್ಪೊರೇಷನ್ ಆಫೀಸಿಗೆ ಹೋದರು. ಮಧ್ಯಾಹ್ನ ವಾಪಸು ಬಂದಾಗ ಕೈಯಲ್ಲಿ ಒಂದು ಜೆರಾಕ್ಸ್ ಇತ್ತು. ಅಲ್ಲಿ ಅವರಿಗೆ ತೋರಿಸಿದ್ದು ಅವರದೇ ಸಹಿ. ಮಕಾರದ ಒತ್ತು ಸಮೇತ. ಕೆಳಗೆ, ಓದಿ ಹೇಳಿ ಅರ್ಥ ಮಾಡಿಸಲಾಗಿದೆ ಎಂಬ ಸಾಲು. ಅದರ ಕೆಳಗೆ ನಾನು.

ಜೆರಾಕ್ಸನ್ನು ಕೀಬೋರ್ಡಿನ ಮೇಲೆ ಇಟ್ಟರು.

“ಅವತ್ತೇ ಕೇಳಿದ್ನಲ್ಲ ಸಾರ್. ಯಾರ್ ಸೋಲು ಅಂತ.”

ನಾನು ಜೆರಾಕ್ಸನ್ನು ಕೀಬೋರ್ಡಿನಿಂದ ಪಕ್ಕಕ್ಕೆ ಸರಿಸಿದೆ.

“ಆಗಿದ್ ಆಗೋಯ್ತು ಬುಡಿ. ನನ್ಗೆ ಅದ್ರಾಗೆ ಏನೈತೆ ಅಂತ ತಿಳೀಲಿಲ್ಲ, ನೀವು ಬುಡಿಸಿ ಹೇಳ್ಲಿಲ್ಲ, ಅಷ್ಟೇ. ನನ್ ಜೊತೆ ಆಫೀಸಿಗೆ ಬಂದು ಆ ಒಂದ್ ಮಾತು ಹೇಳಿ ಸಾರ್. ನನ್ ಮಾತು ಯಾರೂ ಕೇಳಾಕಿಲ್ಲ, ನಿಮ್ ಮಾತು ಕೇಳ್ತಾರೆ.”

ಹೋಗಬೇಕಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರೆ ಅರ್ಧ ದಿನದ ಕೆಲಸ. ಆದರೆ ಹೋದರೆ ನನ್ನ ಸಹಿ ಸುಳ್ಳು ಎಂದು ನಾನೇ ಹೇಳಬೇಕು. ಒಂದು ಸಹಿ ಸುಳ್ಳಾದರೆ ಅದೇ ಸಾಲಿನ ಕೆಳಗೆ ನಾನು ಹಾಕಿದ ಉಳಿದ ಸಹಿಗಳ ಗತಿ ಏನು? ನಾಳೆಯಿಂದ ಅಂಗಡಿಗೆ ಯಾರು ಬರುತ್ತಾರೆ? ಜಗದೀಶ ಸುಮ್ಮನಿರುತ್ತಾನೆಯೇ? ಇವೆಲ್ಲ ಒಂದು ಗಳಿಗೆಯಲ್ಲಿ ತಲೆಯಲ್ಲಿ ಓಡಿದವು. ಮಲಗಿರಬೇಕಾದ ತಲೆ, ತನ್ನ ಲಾಭಕ್ಕೆ ಎಷ್ಟು ಬೇಗ ಎದ್ದು ಕೂತಿತು ನೋಡಿ.

“ನಾವು ಬರೀ ಟೈಪ್ ಮಾಡೋರು ಕೆಂಚಮ್ಮ. ಒಳಗೇನಿದೆ ಅಂತ ನಮಗೆ ಸಂಬಂಧ ಇಲ್ಲ,” ಎಂದೆ.

ಅವರು ಬುಟ್ಟಿ ಎತ್ತಿಕೊಂಡು ಹೋದರು. ಆ ವರ್ಷ ಆಯುಧಪೂಜೆಗೆ ಕಂಪ್ಯೂಟರಿಗೆ ಹೂವನ್ನು ನಾನೇ ಬೇರೆ ಕಡೆಯಿಂದ ತಂದೆ. ಆ ಮೇಲೆ ಐದಾರು ವರ್ಷ ಅಂಗಡಿ ನಡೆಸಿದೆ, ಕಣ್ಣು ಮಂಜಾಗತೊಡಗಿದಾಗ ಶ್ವೇತಾಗೆ ವಹಿಸಿ ಕೋಣನಕುಂಟೆಯ ಮನೆಯಲ್ಲಿ ಕೂತೆ. ಬೀಳ್ಕೊಡುವಾಗ ಬೀದಿಯವರು ಶಾಲು ಹೊದೆಸಿದರು. ಹೊದೆಸಿದವನು ಜಗದೀಶ. ಹೊದೆಸಿಕೊಂಡೆ.

ಇಷ್ಟು ಹಳೆಯದು. ಈಗ ಮೊದಲು ಹೇಳಿದ ದಿನಕ್ಕೆ ಬರುತ್ತೇನೆ. ಶ್ವೇತಾಳ ಬಾಯಲ್ಲಿ ನನ್ನ ಮಾತು ಕೇಳಿದ ಮಾರನೆಯ ದಿನವೇ ಕೆಂಚಮ್ಮನನ್ನು ಹುಡುಕಿಕೊಂಡು ಹೊರಟೆ. ಹೆಚ್ಚು ದೂರ ಹೋಗಬೇಕಾಗಲಿಲ್ಲ. ನಮ್ಮ ಕೋಣನಕುಂಟೆಯ ಕ್ರಾಸಿನಲ್ಲೇ, ಬಸ್ ನಿಲ್ದಾಣದ ಪಕ್ಕ, ಬುಟ್ಟಿ ಹಿಡಿದುಕೊಂಡು ನಿಂತಿದ್ದರು. ಕೂರುವುದಿಲ್ಲ. ಕೂತರೆ ಎದ್ದು ಹೋಗಿ ಅನ್ನುತ್ತಾರೆ, ನಿಂತರೆ ಬಸ್ಸಿಗೆ ಕಾಯುವವರು ಎಂದುಕೊಳ್ಳುತ್ತಾರೆ ಎಂದರು. ಎಪ್ಪತ್ತು ದಾಟಿದೆ. ಮಂಡಿ ನೋವು. ನಾನು ದಿನಾ ಹಾಲು ತರಲು ಹೋಗುವ ದಾರಿಯಿಂದ ಆ ಜಾಗ ನೂರು ಹೆಜ್ಜೆ. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲವೋ, ಕಣ್ಣು ಆ ಕಡೆ ಹೋಗದಂತೆ ನಾನೇ ನೋಡಿಕೊಂಡಿದ್ದೆನೋ, ಹೇಳಲಾರೆ.

ಬೀದಿ ವ್ಯಾಪಾರಿಗಳ ಪಟ್ಟಿಯನ್ನು ಈಗ ಹೊಸದಾಗಿ ಮಾಡುತ್ತಿದ್ದಾರಂತೆ. ಹಳೆಯ ಜಾಗ ತಪ್ಪಿಹೋದವರು ತಕರಾರು ಅರ್ಜಿ ಕೊಡಬಹುದಂತೆ. ಕೆಂಚಮ್ಮ ಕೊಟ್ಟಿದ್ದರು. ಆಫೀಸಿನವರು ಅದೇ ಹಳೆಯ ಕಾಗದ ತೋರಿಸಿ, ನೀವೇ ಒಪ್ಪಿ ಬರೆದುಕೊಟ್ಟಿದ್ದೀರಲ್ಲ ಎಂದು ವಾಪಸು ಕಳಿಸಿದ್ದರು. ಕೊನೆಯ ದಿನಕ್ಕೆ ಇನ್ನೊಂದು ವಾರ ಇತ್ತು.

ಜಗದೀಶನಿಗೆ ಫೋನು ಮಾಡಿ, ನೀನೇ ಸರಿಮಾಡಿಬಿಡಪ್ಪ ಎಂದು ಕೇಳಿಕೊಂಡೆ. ಅವನು ಬಹಳ ನಯವಾಗಿ ಮಾತಾಡಿದ.

“ಸಾರ್, ನೀವು ದೊಡ್ಡೋರು. ನಾನೇನೂ ಕಿತ್ಕೊಂಡಿಲ್ಲ. ಅವ್ರು ಕೊಟ್ರು, ನಾನು ತಗೊಂಡೆ. ಹೆಂಗ್ ತಗೋಬೇಕು ಅಂತ ಬರ್ಕೊಟ್ಟಿದ್ದು ನೀವೇ. ಈಗ ನಿಮ್ ಸೈನೇ ಸುಳ್ಳು ಅಂತ ಹೇಳೋಕ್ ಹೋದ್ರೆ, ಪಾಪ, ಶ್ವೇತಾ ಮೇಡಂ ಅಂಗಡಿ ಬೋರ್ಡ್ ಇಳಿಸ್ಬೇಕಾಗುತ್ತೆ ನೋಡಿ.”

ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಬೆದರಿಕೆ ಹಾಕಿದ್ದಕ್ಕಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಅಂಗಡಿಗೆ ಹೋಗಿ ಶ್ವೇತಾಗೆ ಎಲ್ಲವನ್ನೂ ಹೇಳಿದೆ. “ಮಾವ, ಅಂಗಡಿ ಹೆಸರು ಹಾಳಾಗುತ್ತೆ” ಎಂದಳು. ಆಗಲಿ ಎಂದೆ. ಅವಳು ಕೀಬೋರ್ಡಿನಲ್ಲಿ ಏನೋ ಒತ್ತಿ, ಕುರ್ಚಿಯಿಂದ ಎದ್ದು ನನಗೆ ಜಾಗ ಬಿಟ್ಟಳು. “ಫಾಂಟ್ ದೊಡ್ದು ಮಾಡಿದೀನಿ, ಕೂತ್ಕೊಳ್ಳಿ” ಎಂದಳು.

ಕನ್ನಡದಲ್ಲಿ ಟೈಪ್ ಮಾಡಿದೆ. ನೋಟ್‌ಬುಕ್ಕಿನಿಂದ ಒಂದು ಪದವನ್ನೂ ತೆಗೆಯಲಿಲ್ಲ. ‘ಆ ಕಾಗದವನ್ನು ನಾನು ಓದಿ ಅರ್ಥ ಮಾಡಿಸಲಿಲ್ಲ. ಮಾಡಿಸಿದ್ದೇನೆ ಎಂದು ಸುಳ್ಳು ಸಹಿ ಹಾಕಿದೆ. ಅದರಲ್ಲಿರುವ ಇಂಗ್ಲಿಷ್ ಮಾತುಗಳನ್ನು ಸೇರಿಸಿದವನೂ ನಾನೇ. ಕೆಂಚಮ್ಮನವರಿಗೆ ತಪ್ಪು ಅರ್ಥ ಹೇಳಿದೆ, ಅವರು ಸಂಶಯ ಪಟ್ಟು ಕೇಳಿದಾಗ ನಕ್ಕು ಸಹಿ ಹಾಕಿಸಿದೆ. ಅವರು ತಮ್ಮ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.’ ಇಷ್ಟೇ. ಶ್ವೇತಾ ಹಿಂದಿನಿಂದ ಓದಿ, ಇಂಥ ಹೇಳಿಕೆ ಪತ್ರ ತಾನು ನೋಡೇ ಇಲ್ಲ ಎಂದಳು. ನಾನೂ ನೋಡಿರಲಿಲ್ಲ.

ಅಷ್ಟರಲ್ಲಿ ನಾನು ಬರಹೇಳಿದ್ದ ಕೆಂಚಮ್ಮ ಅಂಗಡಿಗೆ ಬಂದರು. ಹೊಂಗೆ ಮರದ ಕಡೆ ಒಮ್ಮೆ ನೋಡಿ ಸ್ಟೂಲಿನ ಮೇಲೆ ಕೂತರು. ನಾನು ಮೊದಲಿನಿಂದ ಕೊನೆಯ ತನಕ ಬಿಡಿಸಿ ಬಿಡಿಸಿ ಓದಿದೆ. ಮಧ್ಯೆ ನಿಲ್ಲಿಸಿ, ಗೊತ್ತಾಯಿತೇ ಎಂದು ಕೇಳಿ, ಮತ್ತೆ ಓದಿದೆ. ಅಷ್ಟು ವರ್ಷದ ಕೆಲಸದಲ್ಲಿ ಒಂದು ಕಾಗದವನ್ನು ನಾನು ಹಾಗೆ ಓದಿ ಹೇಳಿದ್ದು ಅದೇ ಮೊದಲು.

“ಇದ್ರಾಗೂ ಸೋಲು ಐತಾ ಸಾರ್?” ಎಂದರು.

“ಇದೆ ಕೆಂಚಮ್ಮ. ಈ ಸಲ ನಂದು.”

ಅವರು ನಗಲಿಲ್ಲ. ಪೆನ್ನಿಗೆ ಕೈ ಚಾಚಿದರು. ನೀವು ಹಾಕುವುದು ಏನೂ ಇಲ್ಲ ಎಂದು ಹೇಳಿ ನಾನು ಸಹಿ ಹಾಕಿದೆ. ಅವರು ಸೊಂಟದ ಚೀಲದಿಂದ ಹಳೆಯ ಜೆರಾಕ್ಸ್ ತೆಗೆದು, ಮಡಿಕೆ ಬಿಚ್ಚಿ, ಎರಡು ಕಾಗದವನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

“ಎಲ್ಡು ಸೈನೂ ಒಂದೇ ತರ ಅವೆ. ಯಾವ್ದು ನಿಜ ಅಂತ ಅವ್ರಿಗೆ ಹೆಂಗೆ ತಿಳೀಬೇಕು?”

“ನಾನೂ ಬರ್ತೀನಿ. ಬಂದು ಬಾಯಲ್ಲೇ ಹೇಳ್ತೀನಿ.”

ಕೆಂಚಮ್ಮ ಬುಟ್ಟಿಯನ್ನು ಶ್ವೇತಾಳ ಕಡೆ ತಳ್ಳಿ, ಮಂಡಿ ಹಿಡಿದುಕೊಂಡು ಎದ್ದರು.

“ಹಂಗಾರೆ ಏಳಿ ಸಾರ್, ಚಪ್ಲಿ ಹಾಕ್ಕಳಿ. ಅವತ್ತೇ ಬರ್ಬೇಕಿತ್ತು ನೀವು.”